ಹಿಂದೆ ಬೀಳುವ ವಾಚು

“ಮಾವಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ವಾಚು ಸುಳ್ಳು ಹೇಳ್ತೈತಿ.”

ಫೋನಿನಲ್ಲಿ ಅಳಿಯ ಹೇಮಂತ ಇಷ್ಟು ಹೇಳಿದ್ದೇ ತಡ, ಮೊರಬದ ಶಂಕ್ರಪ್ಪನ ಮೈಗೆ ಬೆಂಕಿ ಬಿತ್ತು. ತನ್ನ ಎತ್ತಿಗೆ, ತನ್ನ ಹೊಲಕ್ಕೆ, ಬೇಕಾದರೆ ತನ್ನ ಅಪ್ಪನಿಗೇ ಹೆಸರಿಟ್ಟಿದ್ದರೂ ನಾಲ್ಕು ಮಾತು ಬೈದು ಮರೆಯುತ್ತಿದ್ದನೇನೋ. ವಾಚಿಗೆ ಹೆಸರಿಡುವುದೆಂದರೆ ಅವನ ನಾಲಗೆಗೇ ಹೆಸರಿಟ್ಟಂತೆ. ಮದುವೆಯ ಚಪ್ಪರದಲ್ಲಿ ಆ ವಾಚನ್ನು ಅಳಿಯನ ಕೈಗೆ ಕಟ್ಟುವಾಗ, “ಇದರ ಟೈಮಿಗೆ ನಾ ಜಾಮೀನು” ಎಂದು ನೂರು ಜನ ಬೀಗರ ಮುಂದೆ ಹೇಳಿದವನು ಅವನೇ.

ಹೇಮಂತ ಅಣ್ಣಿಗೇರಿಯ ಒಂದು ಅರಳೆ ಮಿಲ್ಲಿನಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಒಂದು ಪಾಳಿ, ಸಂಜೆ ನಾಲ್ಕರಿಂದ ಇನ್ನೊಂದು. ನಡುವೆ ಮನೆಗೆ ಬಂದು ಉಂಡು ಒಂದು ನಿದ್ದೆ ತೆಗೆಯುತ್ತಾನೆ. ಎದ್ದು ವಾಚು ನೋಡಿದರೆ ಇನ್ನೂ ಹೊತ್ತಿದೆ ಎನ್ನುತ್ತದೆ. ಚಹಾ ಕುಡಿದು ಹೊರಟರೆ ದಾರಿಯಲ್ಲೇ ಮಿಲ್ಲಿನ ಭೋಂಗಾ ಕೂಗಿಬಿಡುತ್ತದೆ. ಮೊನ್ನೆ ಗೇಟಿನಲ್ಲಿ ಹಮಾಲರ ಎದುರಿಗೇ ಮ್ಯಾನೇಜರ್ ಕೈ ಹಿಡಿದು ವಾಚು ನೋಡಿ, “ಮಾವ ಕೊಟ್ಟದ್ದೇನು? ಗುಜರಿಗೆ ಹಾಕು” ಎಂದನಂತೆ. ಹಮಾಲರು ನಕ್ಕರಂತೆ.

“ಇಪ್ಪತ್ತು ನಿಮಿಷ ಹಿಂದ ಬಿದ್ದಿರ್ತೈತ್ರಿ” ಎಂದ ಹೇಮಂತ.

“ನಾ ಬರ್ತೀನಿ” ಎಂದು ಶಂಕ್ರಪ್ಪ ಫೋನು ಇಟ್ಟ. ಇಟ್ಟ ಮೇಲೆ ಖಾಲಿ ಪಡಸಾಲೆಯಲ್ಲಿ ನಿಂತು ಮಿಲ್ಲಿಗೂ ಮ್ಯಾನೇಜರನಿಗೂ ಅವನ ಏಳು ಪೀಳಿಗೆಗೂ ಸೇರಿಸಿ ಬೈದ.

ಶಂಕ್ರಪ್ಪನಿಗೆ ಸಿಟ್ಟು ಬರುವುದಕ್ಕೆ ಊರಲ್ಲಿ ಯಾರೂ ಕಾರಣ ಹುಡುಕುತ್ತಿರಲಿಲ್ಲ. ಬಸ್ಸು ತಡವಾದರೆ ಕಂಡಕ್ಟರನಿಗೆ ಬೈಗುಳ, ಮಳೆ ತಡವಾದರೆ ಶಿವನಿಗೆ. ಅಕ್ಷತೆ ಮುಹೂರ್ತ ಮೀರಿ ಬಿತ್ತೆಂದರೆ ಊಟ ಮಾಡದೆ ಎದ್ದು ಬರುತ್ತಿದ್ದ. ಹೀಗೆ ಎಷ್ಟು ಮದುವೆಗಳಲ್ಲಿ ಉಪವಾಸ ಬಂದನೋ. ಟ್ರ್ಯಾಕ್ಟರಿನವನು ಎಂಟಕ್ಕೆ ಬರುತ್ತೇನೆಂದು ಒಂಬತ್ತಕ್ಕೆ ಬಂದರೆ ಬದುವಿನಿಂದಲೇ ತಿರುಗಿ ಕಳಿಸುತ್ತಿದ್ದ. ಕರಿಮಣ್ಣಿನ ಎರಿ ಹೊಲ ಹದ ತಪ್ಪಿ ಕಲ್ಲಾಗಿ ಬಿದ್ದರೂ ಚಿಂತೆಯಿಲ್ಲ, ಟೈಮು ತಪ್ಪಬಾರದು. ಇಂಥವನ ಕೈಯಲ್ಲಿ ದೇವರು ಒಂದು ವಾಚು ಕೊಟ್ಟದ್ದು ಕೋತಿಗೆ ಹೆಂಡ ಕುಡಿಸಿದಂತೆಯೇ ಆಯಿತು.

ದೇವರೇನು, ಕೊಟ್ಟವನು ಕುಬಿಹಾಳದ ಮಾವ. ನಮ್ಮ ಕಡೆ ಹೆಣ್ಣಿನ ತಂದೆ ಅಳಿಯನ ಕೈಗೆ ವಾಚು ಕಟ್ಟುವುದು ಪದ್ಧತಿ. ಕೊಡುವ ಶಕ್ತಿ ಇರಲಿ ಬಿಡಲಿ, ಮಗಳನ್ನು ಒಪ್ಪಿಸುವ ಮುಂಚೆ ಅವನ ಮಣಿಕಟ್ಟು ಬರಿದಾಗಿರಬಾರದು. ದಿನಾ ಚಾವಿ ಕೊಡಬೇಕಾದ ಆ ವಾಚಿನ ಜೊತೆ ಕುಬಿಹಾಳದಿಂದ ರೇವವ್ವ ಮೊರಬಕ್ಕೆ ಬಂದಳು. ಶಂಕ್ರಪ್ಪ ಎರಡನ್ನೂ ಒಂದೇ ರೀತಿ ಇಟ್ಟುಕೊಂಡ. ಎರಡೂ ತಾನು ಹೇಳಿದ ಹೊತ್ತಿಗೆ ನಡೆಯಬೇಕು.

ಬೆಳಗಿನ ವಾರ್ತೆಗೆ ಮುಂಚೆ ರೇಡಿಯೋದಲ್ಲಿ ಪೀಪ್ ಪೀಪ್ ಎಂದು ಸಮಯದ ಸದ್ದು ಬರುತ್ತದಲ್ಲ, ಅದೇ ಅವನ ಪೂಜೆಯ ಹೊತ್ತು. ವಿಭೂತಿ ಹಚ್ಚಿಕೊಂಡು, ರೇಡಿಯೋ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ವಾಚಿಗೆ ಚಾವಿ ಬಿಗಿಯಾಗುವ ತನಕ ಕೊಟ್ಟು ಅಂಗೈ ಮೇಲೆ ಮುಖ ಮೇಲಾಗಿ ಇಟ್ಟುಕೊಳ್ಳುತ್ತಿದ್ದ. ಆ ಹೊತ್ತಿಗೆ ಮನೆಯಲ್ಲಿ ಯಾರೂ ಕೆಮ್ಮಬಾರದು, ಪಾತ್ರೆ ಸಪ್ಪಳವಾಗಬಾರದು, ರೊಟ್ಟಿ ಬಡಿಯುವ ಕೈ ನಿಲ್ಲಬೇಕು. ಕೊನೆಯ ಉದ್ದನೆಯ ಸದ್ದಿಗೆ ಕಣ್ಣು ಮೊದಲು ಸೆಕೆಂಡಿನ ಮುಳ್ಳಿಗೆ, ಆಮೇಲೆ ನಿಮಿಷದ ಮುಳ್ಳಿಗೆ. ಮನೆಯಲ್ಲಿ ಗೋಡೆ ಗಡಿಯಾರ ಇಡಲು ಬಿಟ್ಟಿರಲಿಲ್ಲ. ಒಂದು ಮನೆಯಲ್ಲಿ ಎರಡು ಗಡಿಯಾರ ಇದ್ದರೆ ಎರಡೂ ಸುಳ್ಳು ಕಲಿಯುತ್ತವೆ ಎನ್ನುವುದು ಅವನ ವಾದ.

ಮದುವೆಯಾದ ಕೆಲವು ವರ್ಷ ವಾಚು ಚೊಕ್ಕವಾಗಿ ನಡೆಯಿತು. ಆಮೇಲೆ ಅದಕ್ಕೊಂದು ಚಟ ಹತ್ತಿತು. ದಿನ ಬೆಳಗಾದರೆ ಐದು ನಿಮಿಷ ಹಿಂದೆ. ಸೆಕೆಂಡಿನ ಮುಳ್ಳು ಸದ್ದಿಗೆ ಸರಿಯಾಗಿಯೇ ಇರುತ್ತಿತ್ತು, ನಿಮಿಷದ ಮುಳ್ಳು ಮಾತ್ರ ಹಿಂದೆ. ಶಂಕ್ರಪ್ಪ ಹಲ್ಲು ಕಡಿದು ಮುಳ್ಳನ್ನು ಮುಂದೆ ಸರಿಸುತ್ತಿದ್ದ, ಮರುದಿನ ಮತ್ತೆ ಹಿಂದೆ. ಒಲೆಯ ಮುಂದೆ ರೇವವ್ವ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. “ನಿನ್ನ ಅಪ್ಪ ಎಂಥಾದು ಕೊಟ್ಟಾನ ನೋಡು” ಎಂದು ಅವಳಿಗೂ ಒಂದು ಪಾಲು ಬೈಗುಳ ಹೋಗುತ್ತಿತ್ತು.

ನವಲಗುಂದದ ಪೇಟೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ವಾಚು ರಿಪೇರಿ ಮಾಡುವ ಕಾಸೀಮಸಾಬ ಶಂಕ್ರಪ್ಪನ ಜೊತೆ ಕನ್ನಡ ಸಾಲಿಗೆ ಹೋದವನು. ಯುಗಾದಿಗೆ ಮೊರಬದಿಂದ ಹೋಳಿಗೆ, ರಮಜಾನಿಗೆ ನವಲಗುಂದದಿಂದ ಸುರಕುಂಬಾ ಪಾಯಸ, ಹಾಗೆ ಇದ್ದ ದೋಸ್ತಿ. ವಾಚು ಹಿಂದೆ ಬಿದ್ದಾಗಲೆಲ್ಲ ಶಂಕ್ರಪ್ಪ ಅವನ ಹತ್ತಿರ ಒಯ್ಯುವುದು, ಅವನು ವಾರಗಟ್ಟಲೆ ಇಟ್ಟುಕೊಂಡು ನೋಡಿ “ಏನೂ ತಪ್ಪಿಲ್ರಿ” ಎಂದು ತಿರುಗಿ ಕೊಡುವುದು, ಮನೆಗೆ ಬಂದರೆ ಮತ್ತೆ ಅದೇ ಹಾಡು. ಕೊನೆಗೊಂದು ಸಲ ಕಾಸೀಮಸಾಬ ವಾಚನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಡುತ್ತ ಹೇಳಿದ:

“ನನ್ನ ಹತ್ರ ಚೊಕ್ಕ ನಡೀತೈತ್ರಿ ಶಂಕ್ರಪ್ಪಾರ. ನಿಮ್ಮ ಮನ್ಯಾಗಷ್ಟ ಹಿಂದ ಬೀಳ್ತೈತಿ ಅಂದ್ರ, ಅದನ್ನ ನೀವು ಮನ್ಯಾಗ ಹುಡುಕ್ರಿ.”

ಶಂಕ್ರಪ್ಪನ ಪಿತ್ತ ನೆತ್ತಿಗೇರಿತು. ನನ್ನ ಮನೆಯ ಮೇಲೆ ಮಾತು ತರುತ್ತೀಯಾ ಎಂದು ಶುರುಮಾಡಿ, ಒಳಗಿನ ಒಳ್ಳೆಯ ಸಾಮಾನು ತೆಗೆದು ಕೆಟ್ಟದ್ದು ಹಾಕಿದ್ದೀಯ, ಕಳ್ಳ ಇದ್ದೀಯ ಎಂದು ಸಂತೆಯ ದಿನ ಪೇಟೆಯ ನಡುವೆ ಕೂಗಾಡಿದ. ಕಾಸೀಮಸಾಬ ಕಣ್ಣಿಗೆ ಹಚ್ಚಿಕೊಳ್ಳುವ ದುರ್ಬೀನು ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಹೋಳಿಗೆಯೂ ನಿಂತಿತು, ಸುರಕುಂಬಾವೂ ನಿಂತಿತು.

ಮೂರು ವರ್ಷದ ಹಿಂದೆ ರೇವವ್ವ ಜ್ವರದಲ್ಲಿ ಹುಬ್ಬಳ್ಳಿಯ ಆಸ್ಪತ್ರೆ ಸೇರಿದಳು. ಶಂಕ್ರಪ್ಪ ಹೊರಗೆ ಕೂತು ಕೂತು ಬೇಸತ್ತು, ಬಸ್‌ಸ್ಟ್ಯಾಂಡಿನ ಬಾಜು ಇದ್ದ ಒಂದು ಅಂಗಡಿಗೆ ವಾಚು ತೊಳೆಯಲು ಕೊಟ್ಟ. ವಾಚು ಕೈಗೆ ಬಂದ ದಿನವೇ ರೇವವ್ವ ಹೋದಳು. ದಿವಸದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಮತ್ತೆ ರೇಡಿಯೋ ಮುಂದೆ ಕೂತು ನೋಡಿದರೆ, ವಾಚು ಒಂದು ನಿಮಿಷವೂ ಹಿಂದಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಅಷ್ಟು ದುಃಖದಲ್ಲೂ ಅವನಿಗೆ ಒಂದು ಸಮಾಧಾನವಾಯಿತು. “ಹುಬ್ಬಳ್ಳ್ಯಾಂವನ ಕೈಗುಣ ನೋಡ್ರಿ. ಆ ಕಾಸೀಮ ಇಷ್ಟ್ ವರ್ಷ ನನಗ ಮೋಸ ಮಾಡ್ಯಾನ” ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಅವನಿಗಿದ್ದ ಒಬ್ಬಳೇ ಮಗಳು ನೇತ್ರಾ. ಅವಳನ್ನು ನೋಡಲು ಹೇಮಂತ ಹತ್ತಕ್ಕೆ ಬರುತ್ತೇನೆ ಎಂದಿದ್ದ. ಹತ್ತಾಗುವುದಕ್ಕೂ ಅವನ ಮೋಟರ್‌ಸೈಕಲ್ಲು ಬಾಗಿಲ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. ಶಂಕ್ರಪ್ಪ ವಾಚು ನೋಡಿದ, ಹುಡುಗನನ್ನು ನೋಡಲಿಲ್ಲ. ಲಗ್ನ ಅಲ್ಲೇ ಗಟ್ಟಿಯಾಯಿತು. ಹುಡುಗನೂ, “ಹೊಸಾದು ಬ್ಯಾಡ್ರಿ ಮಾವಾರ, ನಿಮ್ಮ ಕೈಯಾಗಿಂದ ಕೊಡ್ರಿ, ಈಗ ಅಂಥಾವು ಸಿಗೂದಿಲ್ಲ” ಎಂದ. ಇಂಥ ಅಳಿಯ ಎಲ್ಲಿ ಸಿಗುತ್ತಾನೆ ಎಂದು ಶಂಕ್ರಪ್ಪ ಉಬ್ಬಿದ. ನೇತ್ರಾಳನ್ನು ಯಾರೂ ಏನೂ ಕೇಳಲಿಲ್ಲ.

ಆ ವಾಚು ಈಗ ಸುಳ್ಳು ಹೇಳುತ್ತದಂತೆ.

ಶಂಕ್ರಪ್ಪ ಅಣ್ಣಿಗೇರಿಗೆ ಹೋಗಿ, ನೀರೂ ಕುಡಿಯದೆ, ಅಳಿಯನ ಕೈಯಿಂದ ವಾಚು ಬಿಚ್ಚಿಸಿಕೊಂಡು ಬಂದ. ಮನೆಗೆ ಬಂದು ಬೆಳಕಿಗೆ ಹಿಡಿದು ನೋಡಿದರೆ ಚಾವಿಯ ಹಲ್ಲುಗಳ ಸಂದಿಯಲ್ಲಿ ಬೆಳ್ಳಗೆ ಏನೋ ಕೂತಿತ್ತು. ಪಿನ್ನಿನಿಂದ ಕೆದರಿದ. ಒಣಗಿದ ಜೋಳದ ಹಿಟ್ಟು. ಹಿಂದೆಯೂ ಹೀಗೇ ಹಿಟ್ಟು ಕೂತಿರುತ್ತಿತ್ತು, ಆಗಲೂ ಅವನೇ ಕೆದರಿ ತೆಗೆಯುತ್ತಿದ್ದ. ಹಿಟ್ಟಿನ ಮನೆಯಲ್ಲಿ ಎಲ್ಲದಕ್ಕೂ ಹಿಟ್ಟು ಎಂದು ಗೊಣಗಿ ಪಿನ್ನನ್ನು ಧೋತರಕ್ಕೆ ಒರೆಸಿದ.

ಒಂದು ವಾರ ವಾಚಿಗೆ ಪರೀಕ್ಷೆ ನಡೆಯಿತು. ಅದೇ ಹೊತ್ತಿಗೆ ಚಾವಿ, ಅದೇ ಅಂಗೈ, ಅದೇ ಪೀಪ್ ಪೀಪ್. ವಾಚು ಕೂದಲೆಳೆಯಷ್ಟೂ ಕದಲಲಿಲ್ಲ. ದಿನದಿನಕ್ಕೂ ಅವನ ಸಿಟ್ಟು ಏರುತ್ತ ಹೋಯಿತು, ಏಕೆಂದರೆ ದಿನದಿನಕ್ಕೂ ತಪ್ಪು ಅಳಿಯನದೇ ಎಂದು ಖಾತ್ರಿಯಾಗುತ್ತ ಹೋಯಿತು. ವಾಚನ್ನು ತಿರುಗಿ ಕೊಟ್ಟು, “ಚಾವಿ ನೆಟ್ಟಗ ಕೊಡ್ರಿ, ವಾಚಿಗೆ ಹೆಸರಿಡಬ್ಯಾಡ್ರಿ” ಎಂದು ಹೇಳಿ ಬಂದ.

ಎಂಟು ದಿನ ಕಳೆಯಲಿಲ್ಲ, ಮತ್ತೆ ಫೋನು. “ಮಾವಾರ, ಮತ್ತ ಅದ ಕತಿ. ಈ ವಾಚ್ ನೀವ ಇಟ್ಕೋರಿ. ನಾ ಇನ್ನ ಮೊಬೈಲಿನ್ಯಾಗ ಅಲಾರಾಂ ಇಡ್ತೀನಿ.”

ಚಪ್ಪರದಲ್ಲಿ ಕಟ್ಟಿದ ವಾಚನ್ನು ತಿರುಗಿ ಕೊಡುವುದೆಂದರೆ ಏನು? ನಾಳೆ ಮಗಳನ್ನೂ ತಿರುಗಿ ಕಳಿಸುತ್ತೇನೆ ಎಂದಾನು. ಶಂಕ್ರಪ್ಪ ಬುತ್ತಿಯನ್ನೂ ಕಟ್ಟಿಕೊಳ್ಳದೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ಹೋದ. ಇವತ್ತು ಇದೋ ಅದೋ ಆಗಿಬಿಡಬೇಕು.

ಹೋಗುವ ಹೊತ್ತಿಗೆ ಹೇಮಂತ ಊಟಕ್ಕೆ ಕೂತಿದ್ದ. ವಾಚು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗಿತ್ತು.

“ಬರ್ರಿ ಮಾವಾರ, ಊಟಕ್ಕ ಕುಂದರ್ರಿ.”

“ಊಟ ಆಮ್ಯಾಲೆ. ಈಗ ವಾಚು ಎಷ್ಟ್ ಹಿಂದೈತಿ ತೋರಿಸ್ರಿ.”

ಹೇಮಂತ ಎಡಗೈಯಿಂದ ಮೊಬೈಲು ತೆಗೆದು ಹಿಡಿದ. ಎರಡೂ ಒಂದೇ ಟೈಮು ತೋರಿಸುತ್ತಿದ್ದವು. “ಈಗ ಸರೀನ ಇರ್ತೈತ್ರಿ. ಮಧ್ಯಾಹ್ನ ನಾ ಮಲಗಿ ಏಳೂದ್ರಾಗ ಹಿಂದ ಬಿದ್ದಿರ್ತೈತಿ.”

“ವಾಚೂ ನಿಮ್ಮಂಗ ಮಧ್ಯಾಹ್ನ ನಿದ್ದಿ ಮಾಡ್ತೈತೇನ್ರಿ?”

“ನನಗೇನ್ ಗೊತ್ರಿ. ಮಾಲು ಖರಾಬ್ ಐತಿ ಅಷ್ಟ.”

ಶಂಕ್ರಪ್ಪನ ದನಿ ಓಣಿಗೆ ಕೇಳುವಷ್ಟು ಏರಿತು. “ಏನ್ ಖರಾಬು? ನನ್ನ ಹತ್ರ ಒಂದ್ ವಾರ ಇತ್ತು. ಚೊಕ್ಕ ನಡೀತು. ನಿಮ್ಮ ಮನ್ಯಾಗಷ್ಟ ಹಿಂದ ಬೀಳ್ತೈತಿ ಅಂದ್ರ, ಅದನ್ನ ನೀವು ಮನ್ಯಾಗ…”

ಬಾಯಿ ಅಲ್ಲೇ ನಿಂತಿತು. ಈ ಮಾತು ತನ್ನದಲ್ಲ. ಇದನ್ನು ಎಲ್ಲೋ ಕೇಳಿದ್ದೇನೆ ಎನಿಸಿತು, ಎಲ್ಲಿ ಎಂಬುದೂ ಕೂಡಲೇ ನೆನಪಾಯಿತು. ನವಲಗುಂದದ ಪೇಟೆ, ಗಾಜಿನ ಪೆಟ್ಟಿಗೆ, ಬಟ್ಟೆಯಲ್ಲಿ ಸುತ್ತಿದ ವಾಚು.

ಅಡುಗೆಮನೆಯ ಬಾಗಿಲಲ್ಲಿ ನೇತ್ರಾ ಬಿಸಿ ರೊಟ್ಟಿ ಹಿಡಿದು ನಿಂತಿದ್ದಳು. ಮಣಿಕಟ್ಟಿನ ತನಕ ಜೋಳದ ಹಿಟ್ಟು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಮೊಳೆಯ ಕಡೆ ನೋಡುತ್ತಿದ್ದಳು.

“ಯಾಕ ಸುಮ್ಮನಾದ್ರಿ?” ಎಂದ ಹೇಮಂತ. ಕೈ ತೊಳೆದುಕೊಂಡು ಬಂದು, “ಒಂದ್ ಕೆಲಸ ಮಾಡ್ರಿ ಮಾವಾರ. ನಾ ಮಲಗ್ತೀನಿ. ನೀವು ವಾಚಿನ ಮುಂದ ಕುಂತು ಕಾಯ್ರಿ. ಹಿಂದ ಬೀಳ್ತೈತೋ ಇಲ್ಲೋ ನಿಮ್ಮ ಕಣ್ಣಲೇ ನೋಡ್ರಿ” ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. “ಮೂರೂವರಿಗೆ ಚಾ. ನಿನ್ನೆ ಹಾಲ ತರಾಕ ಹೋಗಿ ಎಷ್ಟೊತ್ತ ಮಾಡಿದಿ, ನಾ ನೋಡೀನಿ. ಇವತ್ತ ಹಂಗ ಆಗಬಾರ್ದು.”

ಗದರಲಿಲ್ಲ, ಕೈ ಎತ್ತಲಿಲ್ಲ. ಲೆಕ್ಕದ ಮಾತಿನಂತೆ ಹೇಳಿ ಒಳಗೆ ಹೋಗಿ ಮಲಗಿದ. ಆ ದನಿ ಶಂಕ್ರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನದೇ ದನಿ.

ಗೊರಕೆ ಶುರುವಾದ ಮೇಲೆ ನೇತ್ರಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೊಳೆಯ ಕೆಳಗೆ ಅಪ್ಪ ಗೋಡೆಗೆ ಒರಗಿ ಕೂತಿದ್ದ.

“ನೀ ಏನು ಸರಿಸಾಕಿ?” ಎಂದ ಶಂಕ್ರಪ್ಪ, ದನಿ ತಗ್ಗಿಸಿ.

“ಹೌದು, ನಾನ.”

ಅಳುತ್ತಾಳೆ, ಇಲ್ಲವೆನ್ನುತ್ತಾಳೆ ಎಂದುಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ.

“ಯಾಕ?”

“ಅವರು ಮಲಗಿದಾಗ ನಾಜಮೀನ್ ಮನಿಗೆ ಹೋಗ್ತೀನಿ. ಅದ, ಆ ಹಸರ ಬಾಗಲದ ಮನಿ.”

“ಏನ್ ಕೆಲಸ ಅಲ್ಲಿ?”

“ಕೆಲಸ ಏನೂ ಇಲ್ಲ. ಕುಂದರ್ತೀನಿ.”

“ಕುಂದರಾಕ ವಾಚ್ ಸುಳ್ಳ ಮಾಡ್ಬೇಕೇನ? ಕೇಳಿ ಹೋಗಾಕ ಬರೂದಿಲ್ಲೇನ?”

ನೇತ್ರಾ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಮುಖ ಕೆಂಪಾಗಿತ್ತು. “ಕೇಳಿದ್ರ ಬಿಡೂದಿಲ್ಲ. ನೀ ಬಿಡ್ತಿದ್ದೇನು ಅವ್ವನ್ನ?”

ಶಂಕ್ರಪ್ಪ ತಲೆ ಎತ್ತಿ ಮೊಳೆಯ ಕಡೆ ನೋಡಿದ.

“ನೀ ಉಂಡು ಮಲಗಿದ ಮ್ಯಾಲೆ ಅವ್ವ ಬಾಜೂ ಮನಿ ನಸೀಮಾಬಿ ಅಂಗಳಕ್ಕ ಹೋಗ್ತಿದ್ಲು. ಕೌದಿ ಹೊಲಿಯೂದಂತ ಹೆಸರು. ಇಬ್ರೂ ಕುಂತು ನಗ್ತಿದ್ರು. ನೀ ಎದ್ದು ವಾಚ್ ನೋಡಿದಾಗ ಮೂರು ಆಗಿರಬೇಕು, ಚಾ ನಿನ್ನ ಮುಂದಿರಬೇಕು. ತಡ ಆದ್ರ ಅಂಗಳಕ್ಕ ಚೆಲ್ತಿದ್ದಿ. ಬಸಿಯೊಳಗಿಂದು ಬಾಯಿಗೆ ಹಚ್ಚದ ಚೆಲ್ತಿದ್ದಿ, ನೆನಪೈತೇನು? ಅದಕ್ಕ ಅವ್ವ ಹೋಗೂ ಮುಂಚೆ ಮೊಳಿಯಾಗಿನ ವಾಚ್ ತಗದು ಐದು ನಿಮಿಷ ಹಿಂದ ಇಟ್ಟು ಹೋಗ್ತಿದ್ಲು. ನಾ ಸಣ್ಣಾಕಿ, ನೋಡ್ಕೋಂತ ನಿಂತಿದ್ರ ಬಾಯಿ ಮ್ಯಾಲೆ ಬೆರಳ ಇಡ್ತಿದ್ಲು.”

“ಇಷ್ಟ್ ವರ್ಷ?”

“ಇಷ್ಟ್ ವರ್ಷ. ಮುಂಜಾನೆ ನೀ ರೇಡಿಯೋ ಮುಂದ ಕುಂತು ಮುಂದ ಸರಿಸ್ತಿದ್ದಿ, ಮಧ್ಯಾಹ್ನ ಆಕಿ ಹಿಂದ ಸರಿಸ್ತಿದ್ಲು. ಆವಾಗ ನನಗ ನಗು ಬರ್ತಿತ್ತು. ಈಗ ಬರೂದಿಲ್ಲ.” ನೇತ್ರಾ ಉಸಿರು ಎಳೆದುಕೊಂಡಳು. “ಅವ್ವಗ ಐದು ನಿಮಿಷ ಸಾಕಾಗ್ತಿತ್ತು. ನನಗ ಸಾಕಾಗೂದಿಲ್ಲ ಅಪ್ಪಾ. ಇವರು ನೀರಿಗೆ ಹೋದ್ರೂ ಟೈಮ್ ನೋಡ್ತಾರ, ಗಿರಣಿಗೆ ಹೋದ್ರೂ ನೋಡ್ತಾರ, ನಿನ್ನ ಜೋಡಿ ಫೋನಿನ್ಯಾಗ ಮಾತಾಡಿದ್ರೂ ನೋಡ್ತಾರ. ನಾಳಿಂದ ಮೊಬೈಲ್ ಇಟ್ರ ಅದೂ ಹೋತು. ಮೊಬೈಲ್ ಹಿಂದ ಸರಿಯೂದಿಲ್ಲ. ಇಂಥಾವರನ್ನ ಹುಡುಕಿ ತಂದಾಂವ ನೀ. ಅವರ ಕೈಗೆ ವಾಚ್ ಕಟ್ಟಿದಾಂವನೂ ನೀ.”

ಶಂಕ್ರಪ್ಪನಿಗೆ ಸಿಟ್ಟು ಬಂತು. ಅದು ಬರುವುದೇನು ಹೊಸದಲ್ಲ. ಆದರೆ ಈ ಸಲ ಎಲ್ಲಿಗೆ ಎಸೆಯಬೇಕೋ ತಿಳಿಯಲಿಲ್ಲ. ರೇವವ್ವ ಮೋಸ ಮಾಡಿದಳು ಎಂದುಕೊಳ್ಳಲು ನೋಡಿದ. ಆ ಸಿಟ್ಟು ನಿಲ್ಲಲಿಲ್ಲ. ಐದು ನಿಮಿಷ. ನಲವತ್ತು ಹೆಜ್ಜೆ ಆಚೆಯ ಅಂಗಳದಲ್ಲಿ ಕೂತು ನಗುವುದಕ್ಕೆ ಐದು ನಿಮಿಷ ಕದಿಯಬೇಕಾಗಿ ಬಂದ ಹೆಂಗಸಿನ ಮೇಲೆ ಎಂಥ ಸಿಟ್ಟು ಮಾಡುವುದು? ಅವಳು ಸತ್ತ ತಿಂಗಳು ವಾಚು ಸರಿಯಾಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು ತಾನು. ಸೆಕೆಂಡಿನ ಮುಳ್ಳು ಸರಿಯಾಗಿದ್ದು ನಿಮಿಷದ ಮುಳ್ಳೊಂದೇ ಹಿಂದೆ ಬೀಳುವ ವಾಚು ಲೋಕದಲ್ಲಿ ಎಲ್ಲಾದರೂ ಉಂಟೇ? ದಿನಾ ನೋಡಿದ್ದ. ವಾಚನ್ನು ನೋಡಿದ್ದ, ಅಷ್ಟೆ.

ಎದ್ದು ಮೊಳೆಯಿಂದ ವಾಚು ತೆಗೆದ. ನೇತ್ರಾ ಮುಳ್ಳು ನೋಡಲು ಕತ್ತು ಉದ್ದ ಮಾಡಿದಳು. ಅವನು ವಾಚನ್ನು ಜೇಬಿಗೆ ಹಾಕಿಕೊಂಡ.

“ಟೈಮ್ ನೋಡಬ್ಯಾಡ. ಹೋಗು.”

“ಎಲ್ಲಿಗೆ?”

“ನಾಜಮೀನ್ ಮನಿಗೆ. ಹೋಗಿ ಕುಂದರು.”

“ಅವರು ಏಳ್ತಾರಪ್ಪಾ.”

“ಏಳಲಿ. ನಾ ಇಲ್ಲಿ ಅದೀನಿ.”

ಅವಳು ಒಂದು ಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು ಹೋದಳು. ಹೋಗುವಾಗ ಚಪ್ಪಲಿ ಹಾಕಿಕೊಂಡು ಹೋದಳು. ದಿನಾ ಸದ್ದಾಗದಂತೆ ಕೈಯಲ್ಲಿ ಹಿಡಿದು ಹೋಗುತ್ತಿದ್ದಳೋ ಏನೋ, ಬಾಗಿಲಲ್ಲಿ ಒಮ್ಮೆ ತಡೆದು ಆಮೇಲೆ ಹಾಕಿಕೊಂಡಳು.

ಹೇಮಂತ ಎದ್ದು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದ. ಅಭ್ಯಾಸದ ಕೈ ಮೊಳೆಗೆ ಹೋಯಿತು. ಮೊಳೆ ಖಾಲಿ.

“ವಾಚ್ ಎಲ್ರಿ ಮಾವಾರ? ನೇತ್ರಾ, ಚಾ ತಾ.”

“ಆಕಿ ಮನ್ಯಾಗ ಇಲ್ಲ.”

“ಎಲ್ಲಿ ಹೋಗ್ಯಾಳ?”

“ಬಾಜೂಕ. ನಾನ ಕಳಿಸೀನಿ.”

“ಎಷ್ಟೊತ್ತಾತು ಹೋಗಿ?”

“ನಾ ನೋಡಿಲ್ಲ” ಎಂದ ಶಂಕ್ರಪ್ಪ. ಅರವತ್ತು ದಾಟಿದ ಅವನ ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು.

ಹೇಮಂತ ನಕ್ಕ. “ನೀವು ಟೈಮ್ ನೋಡಿಲ್ಲಂದ್ರ ಯಾರ್ ನಂಬ್ತಾರ್ರಿ? ಹೋಗ್ಲಿ, ವಾಚ್ ಹಿಂದ ಬಿತ್ತೋ ಇಲ್ಲೋ?”

“ಬೀಳಲಿಲ್ಲ. ವಾಚ್ ಖರಾಬ್ ಇಲ್ಲ. ಕಟ್ಕೊಂಡಾವ್ರು ಖರಾಬ್ ಅದೀವಿ, ಮೊದಲ ನಾನು, ಆಮ್ಯಾಲೆ ನೀನು.” ಅಳಿಯನಿಗೆ ಅವನು ಎಂದೂ ಏಕವಚನ ಬಳಸಿದವನಲ್ಲ. “ನನ್ನ ಹೆಂಡ್ತಿ ಬಾಜೂ ಮನ್ಯಾಗ ಕುಂದರಾಕ ನನ್ನ ವಾಚ್ ಹಿಂದ ಸರಿಸ್ತಿದ್ಲು. ಈಗ ನನ್ನ ಮಗಳು ನಿನ್ನ ವಾಚ್ ಸರಿಸ್ತಾಳ. ತಿಳೀತೇನು? ಗೇಟಿನ್ಯಾಗ ನಿನ್ನನ್ನ ನಿಲ್ಲಿಸಿ ಮಂದೀನ ನಗಿಸಿದ್ದು ಈ ವಾಚ್ ಅಲ್ಲ. ನೀನ.”

“ಮಾವಾರ, ಇದು ನನ್ನ ಮನಿ. ಮಾತು ಹಗರ ಆಡಬ್ಯಾಡ್ರಿ” ಎಂದ ಹೇಮಂತ. ಮುಖ ಬಿಳಿಚಿತ್ತು. “ಆಕಿಗೆ ಕುಂದ್ರಾಕ ಹೋಗಬೇಕಾಗಿದ್ರ ನನಗ ಹೇಳಬೇಕಿತ್ತು.”

“ಹೇಳಿದ್ರ ಬಿಡ್ತಿದ್ದೇನು?”

ಹೇಮಂತ ಅಂಗಿಗೆ ಕೈ ಹಾಕಿದ. ದೂರದಲ್ಲಿ ಮಿಲ್ಲಿನ ಭೋಂಗಾ ಕೂಗಿತು.

“ಭೋಂಗಾ ಆತು, ನಡಿ. ಚಾ ಬೇಕಂದ್ರ ಒಲಿ ಅಲ್ಲೈತಿ, ಕೈ ನಿನಗೂ ಎರಡ ಅದಾವು. ಮೊಬೈಲಿನ್ಯಾಗ ಅಲಾರಾಂ ಇಡ್ತೀನಿ ಅಂದಿ. ಇಡು. ಅದನ್ನ ನೋಡಿ ನೀ ಮಿಲ್ಲಿಗೆ ಹೋಗು, ನನ್ನ ಮಗಳನ್ನ ಅಳೀಬ್ಯಾಡ. ಅಳದೀ ಅಂತ ಗೊತ್ತಾತಂದ್ರ ದಿನಾ ಮೊರಬದಿಂದ ಬಸ್ ಹತ್ತಿ ಬಂದು ಈ ಮೊಳಿ ಕೆಳಗ ಕುಂದರ್ತೀನಿ. ನನಗ ಬ್ಯಾರೆ ಕೆಲಸ ಇಲ್ಲ.”

ಹೇಮಂತ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಏನೋ ಗೊಣಗುತ್ತ ಹೋದ. ಒಪ್ಪಿದನೋ ಇಲ್ಲವೋ ದೇವರೇ ಬಲ್ಲ. ಆದರೆ ಶಂಕ್ರಪ್ಪ ಹೇಳಿದ್ದನ್ನು ಮಾಡುವವನು ಎಂಬುದು ಅವನಿಗೆ ಗೊತ್ತಿತ್ತು. ನೇತ್ರಾ ಬಂದಾಗ ಎಷ್ಟು ಹೊತ್ತಾಗಿತ್ತೋ ಯಾರೂ ನೋಡಲಿಲ್ಲ. ಅಪ್ಪನಿಗೆ ಊಟ ಬಡಿಸಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಯಬೇಕೆಂದು ಅವನೂ ಕೇಳಲಿಲ್ಲ.

ಮರಳುವಾಗ ನವಲಗುಂದದಲ್ಲಿ ಮೊರಬದ ಬಸ್ಸು ನಿಂತಿತ್ತು. ಶಂಕ್ರಪ್ಪ ಅದನ್ನು ಬಿಟ್ಟು ಪೇಟೆಯ ಕಡೆ ನಡೆದ. ಕಾಸೀಮಸಾಬ ಪೆಟ್ಟಿಗೆಗೆ ಬಟ್ಟೆ ಮುಚ್ಚುತ್ತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಶಂಕ್ರಪ್ಪ ಜೇಬಿನಿಂದ ವಾಚು ತೆಗೆದು ಗಾಜಿನ ಮೇಲೆ ಇಟ್ಟ.

ಕಾಸೀಮಸಾಬ ಅದನ್ನು ನೋಡಿದ, ಇವನನ್ನು ನೋಡಿದ. “ಮತ್ತ ಹಿಂದ ಬೀಳ್ತೈತೇನ್ರಿ?”

“ಈಗ ಬೀಳೂದಿಲ್ಲ. ಬೀಳಿಸಾಕಿ ಸತ್ತು ಮೂರು ವರ್ಷ ಆತು.”

ಕಾಸೀಮಸಾಬ ಬಟ್ಟೆ ಕೆಳಗಿಟ್ಟು ಕೂತ.

“ನಿನಗ ಗೊತ್ತಿತ್ತು” ಎಂದ ಶಂಕ್ರಪ್ಪ.

“ಗೊತ್ತಿತ್ರಿ. ಪ್ರತಿ ಸಲ ಚಾವಿಯೊಳಗ ಜ್ವಾಳದ ಹಿಟ್ಟು ಇರ್ತಿತ್ತು. ನೀವೇನ್ ರೊಟ್ಟಿ ಬಡೀತಿದ್ದಿಲ್ಲಲ್ಲ.”

“ಮತ್ತ ಹೇಳಾಕ ಏನಾಗಿತ್ತು ನಿನಗ? ನಾ ಪ್ಯಾಟ್ಯಾಗ ನಿಂತು ಕಳ್ಳ ಅಂದೆ. ಆವಾಗರ ಹೇಳಬೇಕಿತ್ತಿಲ್ಲೋ?”

“ಹೇಳಿದ್ರ ನೀವು ಮನಿಗೆ ಹೋಗಿ ಅಕ್ಕಾರಿಗೆ ಏನ್ ಮಾಡ್ತಿದ್ರಿ ಶಂಕ್ರಪ್ಪಾರ? ಮನ್ಯಾಗ ಹುಡುಕ್ರಿ ಅಂತ ಬಾಯಿ ತಪ್ಪಿ ಅಂದುಬಿಟ್ಟಿದ್ದೆ. ಅಂದ ಮ್ಯಾಲೆ ಎದಿ ಹೊಡ್ಕೊಂತಿತ್ತು. ನೀವು ನನ್ನ ಮ್ಯಾಲೆ ಹರಿಹಾಯ್ದಾಗ, ಛಲೋ ಆತು, ಸಿಟ್ಟು ಇಲ್ಲೇ ಖರ್ಚಾತು ಅಂದ್ಕೊಂಡೆ.”

ಶಂಕ್ರಪ್ಪ ಗಾಜಿನ ಪೆಟ್ಟಿಗೆಯ ಅಂಚು ಹಿಡಿದುಕೊಂಡ. ಆಮೇಲೆ ವಾಚನ್ನು ಅವನ ಕಡೆ ಸರಿಸಿದ:

“ಐದು ನಿಮಿಷ ಹಿಂದ ಇಟ್ಟು ಕೊಡು.”

ಕಾಸೀಮಸಾಬ ಕೇಳಿಸಲಿಲ್ಲವೆಂಬಂತೆ ನೋಡಿದ. ಆಮೇಲೆ ಚಾವಿ ಎಳೆದು, ಮುಳ್ಳನ್ನು ನಿಧಾನವಾಗಿ ಹಿಂದೆ ಸರಿಸಿ, ವಾಚನ್ನು ತಾನೇ ಅವನ ಕೈಗೆ ಕಟ್ಟಿದ.

ಈಗಲೂ ಮೊರಬದಲ್ಲಿ ಬೆಳಗಿನ ಪೀಪ್ ಪೀಪ್ ಆಗುತ್ತದೆ. ಶಂಕ್ರಪ್ಪ ಚಾವಿ ಕೊಡುತ್ತಾನೆ, ಕೊನೆಯ ಸದ್ದಿಗೆ ಮುಳ್ಳು ನೋಡುತ್ತಾನೆ. ಐದು ನಿಮಿಷ ಹಿಂದೆ ಇರಬೇಕು. ಒಂದೆರಡು ಸೆಕೆಂಡು ಹೆಚ್ಚುಕಮ್ಮಿಯಾದರೂ ಸಿಡುಕುತ್ತಾನೆ. ಮಧ್ಯಾಹ್ನದ ಹೊತ್ತು ಒಮ್ಮೊಮ್ಮೆ ನೇತ್ರಾ ಫೋನು ಮಾಡುತ್ತಾಳೆ. “ಎಲ್ಲಿದ್ದಿ?” ಎಂದರೆ, “ನಾಜಮೀನ್ ಮನ್ಯಾಗ” ಎನ್ನುತ್ತಾಳೆ. “ಕುಂದರು” ಎಂದು ಇಡುತ್ತಾನೆ. ಅವಳ ಫೋನು ಬರದ ವಾರ ಅಣ್ಣಿಗೇರಿಯ ಬಸ್ಸು ಹತ್ತುತ್ತಾನೆ.

ಮೊನ್ನೆ ಬಸ್ಸು ಕಾಯುತ್ತ ನಿಂತಾಗ ಪಕ್ಕದ ಓಣಿಯ ಬಸಣ್ಣ ತನ್ನ ಮೊಬೈಲು ನೋಡಿ, ಆಮೇಲೆ ಇವನ ಕೈ ನೋಡಿ ಹೇಳಿದ:

“ಕಾಕಾ, ನಿಮ್ಮ ವಾಚು ಐದು ನಿಮಿಷ ಹಿಂದೈತಲ್ರಿ.”

ಶಂಕ್ರಪ್ಪ ಅವನ ಮೇಲೆ ಕಣ್ಣು ಕೆಂಪಗೆ ಮಾಡಿದ.

“ಅದು ನನ್ನ ಹೆಂಡ್ತಿ ಟೈಮು. ನಿನ್ನ ಕೆಲಸ ನೀ ನೋಡ್ಕೋ.”